ನಳಿಗೆಯ ತುದಿಯ ಸುಣ್ಣದ ಬೊಟ್ಟು

ತೂಬಗೆರೆಯ ಜಮೇದಾರ್ರು ತೀರಿಕೊಂಡರೆಂದು ಮೊನ್ನೆ ದೊಡ್ಡಬಳ್ಳಾಪುರದಿಂದ ಬಂದ ನಮ್ಮ ಹಳೆಯ ದಫೇದಾರ ಹೇಳಿದ. ಸುದ್ದಿ ಹೇಳಿದವನೇ, "ಮೀಸೆ ಮಾತ್ರ ಕೊನೇವರ್ಗೂ ಹಂಗೇ ಇತ್ತು ಸ್ವಾಮಿ, ಈಗ್ತಾನೇ ತಿರುವಿಟ್ಟಂಗೆ" ಎಂದು ಸೇರಿಸಿದ. ನನಗೆ ಅಳು ಬರಬೇಕಾದ ಜಾಗದಲ್ಲಿ ನಗು ಬಂತು, ಆಮೇಲೆ ಎರಡೂ ಒಟ್ಟಿಗೆ ಬಂದವು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಸಬ್‌ಇನ್‌ಸ್ಪೆಕ್ಟರ್ ಆಗಿದ್ದ ನಾನು ಇನ್‌ಸ್ಪೆಕ್ಟರೂ ಆದೆ. ಇಷ್ಟು ಕಾಲವೂ ಅವರದೊಂದು ಸಂಗತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ. ಈಗ ಹೇಳಬಹುದು. ಹೇಳಲೇಬೇಕೆಂದು ಅವರೇ ಅಪ್ಪಣೆ ಮಾಡಿದ್ದರು.

ಜಮೇದಾರ್ರು ಮಹಾರಾಜರ ಕುದುರೆ ಪಡೆಯಲ್ಲಿದ್ದವರು. ಹಿಂದಿನ ಯುದ್ಧದಲ್ಲಿ ಕಡಲು ದಾಟಿ ಹೋಗಿ ಬಂದಿದ್ದರು, ಆಮೇಲೆ ಪಡೆಯವರಿಗೆ ಪಿಸ್ತೂಲು, ರಿವಾಲ್ವರುಗಳ ಪಾಠ ಹೇಳಿಕೊಟ್ಟಿದ್ದರು. ನಿವೃತ್ತಿಯಾದ ಮೇಲೆ ತೂಬಗೆರೆಯಲ್ಲಿ ಒಳ್ಳೆಯ ಹೊಲ, ಹುಣಸೆಮರ, ಎಮ್ಮೆ, ಕೇಳಿದವರಿಗೂ ಕೇಳದವರಿಗೂ ಹೇಳಲು ಬೇಕಾದಷ್ಟು ಕಥೆ. ಸಾಧು ಮನುಷ್ಯ ಎಂದು ಯಾರೂ ಅವರನ್ನು ಕರೆದಿರಲಾರರು. ಜರಿ ಅಂಚಿನ ಪೇಟವಿಲ್ಲದೆ ಜಗಲಿಗೂ ಬರುತ್ತಿರಲಿಲ್ಲ. ಮೀಸೆಗೆ ಹರಳೆಣ್ಣೆ ಹಚ್ಚಿ ಎರಡೂ ತುದಿಯನ್ನು ಸೂಜಿಯಂತೆ ಮಾಡಿಕೊಂಡಿದ್ದರು. "ಈ ಮೀಸೆ ನೋಡಿ ತುರ್ಕಿ ಸಿಪಾಯಿ ಬಂದೂಕು ಕೆಳಗಿಟ್ಬಿಟ್ಟ ಕಣಯ್ಯಾ" ಎಂದು ಅವರು ಶುರು ಮಾಡಿದರೆ, ಒಳಗಿನಿಂದ ಅವರ ಹೆಂಡತಿ, ನಾನು ಅಮ್ಮನವರು ಎಂದು ಕರೆಯುತ್ತಿದ್ದವರು, "ಹೋದ ವರ್ಷ ಆ ಸಿಪಾಯಿ ಓಡೋಗಿದ್ದ, ಈ ವರ್ಷ ಬಂದೂಕು ಇಟ್ಟ, ಬರೋ ವರ್ಷ ಕಾಲಿಗೆ ಬೀಳ್ತಾನೆ" ಎನ್ನುತ್ತಿದ್ದರು.

ನಾನು ಅವರ ಬಳಿಗೆ ಹೋದದ್ದು ಕಥೆ ಕೇಳುವುದಕ್ಕಲ್ಲ. ನನ್ನ ಕುತ್ತಿಗೆಗೆ ಬಂದಿತ್ತು. ಯುದ್ಧದ ಕಾಲ, ಸಬ್‌ಇನ್‌ಸ್ಪೆಕ್ಟರುಗಳೆಲ್ಲ ರಿವಾಲ್ವರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂದು ಹುಕುಂ ಬಂದಿತ್ತು. ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. ಅದೂ ಎಂಥ ಡುಮ್ಕಿ! ಎರಡನೇ ಸಲ ನನ್ನ ಗುಂಡುಗಳೆಲ್ಲ ಗುರಿಹಲಗೆಯ ಮುಂದಿನ ಮಣ್ಣನ್ನು ಉತ್ತಿದ್ದವು. ಪರೀಕ್ಷೆ ಮಾಡುವ ಸಾಹೇಬರು ಅದನ್ನು ನೋಡಿ, "ರಾಗಿ ಬಿತ್ತಬಹುದು" ಎಂದರು. ಇನ್ನೊಂದು ಸಲ ತಪ್ಪಿದರೆ ಸಬ್‌ಇನ್‌ಸ್ಪೆಕ್ಟರ್ ಕೆಲಸ ಹೋಗುತ್ತದೆ, ಬೆಂಗಳೂರಿನ ಯಾವುದಾದರೂ ಕಚೇರಿಯಲ್ಲಿ ಗುಮಾಸ್ತನಾಗಿ ಕೂರಬೇಕು ಎಂದು ಬಾಯಿಬಿಟ್ಟೇ ಹೇಳಿ ಕಳಿಸಿದರು. ನನಗೋ ಆಗಷ್ಟೇ ಮದುವೆಯಾಗಿತ್ತು. "ನಮ್ಮಳಿಯ ಪೊಲೀಸು" ಎಂದು ಹೊಸಕೋಟೆಯ ಸಂತೆಯಲ್ಲಿ ಮಾವನವರು ಸಾರಿಕೊಂಡು ಬಂದಿದ್ದರು. ಆ ಖಾಕಿ ಬಿಚ್ಚಿಡುವುದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ದಫೇದಾರನೇ ದಾರಿ ತೋರಿಸಿದ್ದು. "ತೂಬಗೆರೆ ಜಮೇದಾರ್ರ ಕಾಲು ಹಿಡ್ಕೊಳ್ಳಿ ಸ್ವಾಮಿ. ಬೈತಾರೆ, ಬೈಸ್ಕೊಳ್ಳಿ" ಎಂದ. ಒಂದು ಭಾನುವಾರ ಸೈಕಲ್ ತುಳಿದುಕೊಂಡು ಹೋದೆ. ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅವರು ನನ್ನ ಗೋಳನ್ನು ಪೂರ್ತಿ ಕೇಳಿ, ರಿವಾಲ್ವರನ್ನು ಈಸಿಕೊಂಡು, ಖಾಲಿ ಇದೆಯೇ ಎಂದು ತಾವೇ ಬಿಚ್ಚಿ ನೋಡಿದರು. ನಾನು ಖಾಲಿ ಎಂದು ಹೇಳಿಯೇ ಕೊಟ್ಟಿದ್ದೆ. "ನೀನು ಹೇಳ್ದೆ, ಸರಿ. ಅದು ಹೇಳ್ಬೇಕಲ್ಲ" ಎಂದು ಮತ್ತೊಮ್ಮೆ ಬೆರಳಿಟ್ಟು ತಡವಿದರು. ಆಮೇಲೆ ನನ್ನ ಕೈಗಿಟ್ಟು, "ಹಿಡಿ" ಎಂದರು. ಹಿಡಿದೆ.

"ಇದೇನಪ್ಪಾ, ಕಳ್ಳನ ಕುತ್ತಿಗೆ ಹಿಡ್ದಂಗೆ ಹಿಡ್ದಿದ್ದೀಯಾ? ಸಂತೇಲಿ ಮಗು ಕೈ ಹಿಡ್ಕೊಂಡು ಹೋಗ್ತೀವಲ್ಲ, ಹಂಗೆ ಹಿಡೀಬೇಕು. ಸಡಿಲ ಬಿಟ್ರೆ ತಪ್ಪಿಸ್ಕೊಳ್ತದೆ, ಅಮುಕಿದ್ರೆ ಕಿರುಚ್ತದೆ."

ಅವತ್ತು ಹೇಳಿಕೊಟ್ಟದ್ದು ಅಷ್ಟೇ. ಹಿಡಿಯುವುದು, ಇಡುವುದು, ಮತ್ತೆ ಹಿಡಿಯುವುದು. ಪ್ರತಿ ಸಲವೂ ಹಿಡಿ ಅದೇ ಜಾಗದಲ್ಲಿ ಕೂರಬೇಕು. ಬೆರಳು ಟ್ರಿಗರಿನ ಹೊರಗೆ, ನಳಿಗೆಯ ಪಕ್ಕಕ್ಕೆ ನೇರವಾಗಿರಬೇಕು. ಅವರು ಹೇಳುವವರೆಗೆ ಒಳಗೆ ಹೋಗುವ ಹಾಗಿಲ್ಲ. ಮಧ್ಯಾಹ್ನ ಮುದ್ದೆ ಉಣ್ಣುವಾಗ ನನ್ನ ಕೈ ತುತ್ತು ಮುರಿಯಲಾರದಷ್ಟು ಸೋತಿತ್ತು.

ಮುಂದಿನ ವಾರ ಎಮ್ಮೆ. ನಾನು ಸುಳ್ಳು ಹೇಳುತ್ತಿಲ್ಲ. ಖಾಕಿ ಚಡ್ಡಿಯಲ್ಲಿದ್ದ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಕೈಗೆ ತಂಬಿಗೆ ಕೊಟ್ಟು, ಹಾಲು ಕರೆ ಎಂದರು. ಕರೆದೆ. ಎಮ್ಮೆ ಒದೆಯಿತು. ತಂಬಿಗೆ ಒಂದು ಕಡೆ, ಸಬ್‌ಇನ್‌ಸ್ಪೆಕ್ಟರ್ ಇನ್ನೊಂದು ಕಡೆ. ಅಮ್ಮನವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಎಳೆದೆ, ಅದಕ್ಕೇ ಒದೀತು" ಎಂದರು ಜಮೇದಾರ್ರು. "ಎಳೀಬಾರ್ದು ಕಣಯ್ಯಾ. ಒಂದೇ ಸಮ ಒತ್ತಾ ಹೋಗು. ಹಾಲು ತಾನಾಗೇ ಬರ್ತದೆ. ಟ್ರಿಗರೂ ಅಷ್ಟೇ. ಗುಂಡು ಯಾವಾಗ ಹಾರ್ತು ಅಂತ ನಿಂಗೇ ಗೊತ್ತಾಗ್ಬಾರ್ದು. ನೀನು 'ಈಗ' ಅಂದ್ಕೊಂಡೆ ಅಂದ್ರೆ ಕೆಡ್ತು."

ಯುದ್ಧದಿಂದಾಗಿ ತೋಟಾಗಳಿಗೆ ಬರ. ಇಲಾಖೆಯಿಂದ ಅಭ್ಯಾಸಕ್ಕೆಂದು ಕೊಟ್ಟದ್ದು ಹಿಡಿಯಷ್ಟು. ಅವರಲ್ಲೂ ತಮ್ಮ ಸ್ವಂತ ರಿವಾಲ್ವರಿಗೆಂದು ಒಂದು ತಗಡಿನ ಡಬ್ಬಿಯಲ್ಲಿ ಸ್ವಲ್ಪ ಉಳಿದಿತ್ತು, ಅದನ್ನು ಅಮ್ಮನವರು ಉಪ್ಪಿನಕಾಯಿಯ ಹಾಗೆ ಕಾಪಾಡುತ್ತಿದ್ದರು. ಹಾಗಾಗಿ ನಮ್ಮ ಪಾಠವೆಲ್ಲ ಹುಣಸೆಬೀಜದಲ್ಲಿ. ಅಮ್ಮನವರ ತವರು ನಲ್ಲೂರಿನ ಕಡೆ. ಅಲ್ಲಿನ ತೋಪಿನ ಹುಣಸೆಯ ಬೀಜ ಚಪ್ಪಟೆಯಾಗಿ ಕೂರುತ್ತದೆ ಎಂದು ಅದನ್ನೇ ಆರಿಸಿ ಇಟ್ಟಿದ್ದರು. ಖಾಲಿ ರಿವಾಲ್ವರಿನ ನಳಿಗೆಯ ಮೇಲೆ ಒಂದು ಬೀಜ ಇಡಬೇಕು, ಕೈ ಚಾಚಿ ಟ್ರಿಗರ್ ಒತ್ತಬೇಕು, ಟಕ್ ಎಂದ ಮೇಲೂ ಬೀಜ ಅಲ್ಲೇ ಇರಬೇಕು. ಜಗಲಿಯ ಮೇಲೆ ಕೂತು ಅವರು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಬೀಜ ನೆಲಕ್ಕೆ ಬಿದ್ದ ಸದ್ದು ಕೇಳಿದರೆ "ಮತ್ತೆ" ಎನ್ನುತ್ತಿದ್ದರು, ಅಷ್ಟೇ. ಸ್ಟೇಷನ್ನಿನಲ್ಲೂ ಇದನ್ನೇ ಮಾಡು ಎಂದು ಒಂದು ಗಂಟು ಬೀಜ ಕಟ್ಟಿಕೊಟ್ಟರು. ಪೊಲೀಸ್ ಸ್ಟೇಷನ್ನಿನ ನೆಲದ ತುಂಬ ಹುಣಸೆಬೀಜ ಬಿದ್ದಿರುವುದನ್ನು ಕಂಡು ನೇಕಾರರ ಬೀದಿಯ ಜನ, ಹೊಸ ಸಬ್‌ಇನ್‌ಸ್ಪೆಕ್ಟರು ಚೌಕಾಬಾರ ಆಡುತ್ತಾರೆ ಎಂದು ಮಾತಾಡಿಕೊಂಡರಂತೆ.

ಆದರೆ ನಾನು ಅವರಿಗೆ ದಂಗಾಗಿ ಶರಣಾದದ್ದು ಗಡಿಗೆಯ ದಿನ. ಹೊಲದ ಅಂಚಿನಲ್ಲಿ ಮಣ್ಣು ತೆಗೆದ ಹಳ್ಳವೊಂದಿತ್ತು. ಅದರ ಆಚೆ ಬದಿ ಆಳೆತ್ತರದ ದಿಣ್ಣೆ. ಗುಂಡು ಹಾರಿದರೆ ಮಣ್ಣಿನೊಳಗೇ ಹೂತುಹೋಗುತ್ತಿತ್ತು. ತಳ ಒಡೆದ ಗಡಿಗೆಯೊಂದಕ್ಕೆ ಸುಣ್ಣ ಬಳಿದು ಅಲ್ಲಿಟ್ಟು ಬಾ ಎಂದರು. ಇಟ್ಟು ಬಂದೆ. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿದರು:

"ಎಲ್ಲಿಟ್ಟೆ? ಬಾಯಲ್ಲಿ ಹೇಳು."

"ಅಗೋ ಅಲ್ಲಿ, ಜಮೇದಾರ್ರೇ."

"ಅಗೋ ಇಗೋ ಅಂದ್ರೆ ಆಗಲ್ಲ. ದಿಣ್ಣೇಲಿ ಎಡಕ್ಕಾ ಬಲಕ್ಕಾ? ನೆಲದಿಂದ ಎಷ್ಟೆತ್ತರ? ಪಕ್ಕದಲ್ಲೇನಿದೆ? ಪೊಲೀಸಿನೋನು ಕಂಡಿದ್ದನ್ನ ಹೇಳೋಕೆ ಕಲೀಬೇಕು."

"ನಡುಮಧ್ಯ ಸ್ವಾಮಿ. ಮೊಣಕಾಲೆತ್ತರ. ಬಲಗಡೆ ಕರೀ ಕಲ್ಲಿದೆ."

"ಹ್ಞಾ, ಅದು ಮಾತು."

ಎಂದವರೇ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯಿಂದ ಬೆರಳ ತುದಿಗೆ ಒಂದಿಷ್ಟು ಸುಣ್ಣ ತೆಗೆದು, ತಮ್ಮ ರಿವಾಲ್ವರಿನ ನಳಿಗೆಯ ತುದಿಯಲ್ಲಿ ಎದ್ದಿರುವ ಸಣ್ಣ ಮೊನೆಗೆ ಒಂದು ಬೊಟ್ಟಿಟ್ಟರು. ಕುದುರೆ ಪಡೆಯವರು ಆ ಮೊನೆಯನ್ನು 'ಮಕ್ಕಿ' ಎನ್ನುತ್ತಿದ್ದರು, ನೊಣ ಎಂದು ಅರ್ಥ. ಇದೂ ಒಂದು ಗತ್ತು ಇರಬೇಕು ಎಂದುಕೊಂಡೆ. ತೋಟಾ ತುಂಬಿದರು. ಕಾಲು ಅಗಲಿಸಿ ನಿಂತರು. ಒಂದು ಉಸಿರು ಒಳಗೆ ಎಳೆದುಕೊಂಡು ಅರ್ಧ ಹೊರಗೆ ಬಿಟ್ಟರು. ಕೈ ಎದ್ದಿತು, ಎದ್ದು ನಿಂತಿತು. ನಾನು ಕೈಯನ್ನೇ ನೋಡುತ್ತಿದ್ದೆ. ಬೆರಳು ಅಲ್ಲಾಡಿದ್ದು ನನಗೆ ಕಾಣಲಿಲ್ಲ. ಢಂ ಎಂದಿತು, ಗಡಿಗೆ ಚೂರುಚೂರಾಯಿತು. ಇನ್ನೊಂದು ಇಡಿಸಿದರು. ಅದೂ ಹೋಯಿತು. ದೇವಸ್ಥಾನದಲ್ಲಿ ನಿಂತವನ ಹಾಗೆ ನಾನು ಟೋಪಿ ತೆಗೆದುಬಿಟ್ಟಿದ್ದೆ, ಅದು ಅರಿವಾದದ್ದು ಆಮೇಲೆ.

ಮನೆಯ ಕಡೆಯಿಂದ ಅಮ್ಮನವರ ಕೂಗು ಬಂತು: "ಅದ್ರಲ್ಲಿ ಒಂದು ಒಳ್ಳೇ ಗಡಿಗೆ ಕಣ್ರೀ! ತಳ ನೋಡಿ ತಗೊಂಡು ಹೋಗ್ಬಾರ್ದಾ?"

"ಒಂದೊಂದ್ಸಲ ಒಳ್ಳೇರೂ ಹೋಗ್ತಾರೆ ಯುದ್ಧದಲ್ಲಿ" ಎಂದು ಕೂಗಿ ಹೇಳಿ, ನನ್ನ ಕಡೆ ತಿರುಗಿದರು. "ನೀನು ಹಾರಿಸುವಾಗ ಏನು ನೋಡ್ತೀಯಾ?"

"ಗುರಿ ನೋಡ್ತೀನಿ."

"ಅದೇ ನಿನ್ ರೋಗ. ಗುರಿ ಎಲ್ಗೂ ಹೋಗಲ್ಲ ಕಣಪ್ಪಾ, ಅದು ಅಲ್ಲೇ ಬಿದ್ದಿರ್ತದೆ. ಅಲ್ಲಾಡೋದು ನಿನ್ ಕೈ. ಮಕ್ಕಿ ನೋಡು. ಮಕ್ಕಿ ಅಚ್ಚುಕಟ್ಟಾಗಿ ಕಾಣ್ಬೇಕು, ನಳಿಗೆ ಹಿಂದಿನ ತುದೀಲಿರೋ ಕಚ್ಚಿನ ನಡುಮಧ್ಯ ಕೂತಿರ್ಬೇಕು. ಗುರಿ ಮಸುಕಾಗಿದ್ರೆ ಇರ್ಲಿ. ಮಂಜಿನಾಗೆ ಬೆಳ್ಳಗೆ ಏನೋ ಇದೆ ಅನ್ನೋ ಹಂಗೆ ಕಂಡ್ರೆ ಸಾಕು."

ನಂಬುವುದು ಕಷ್ಟವಾಗಿತ್ತು. ಹೊಡೆಯಬೇಕಾದ್ದನ್ನು ನೋಡದೆ ಹೊಡೆ ಎಂದರೆ ಯಾರು ನಂಬುತ್ತಾರೆ? ನನ್ನ ಅನುಮಾನ ಅವರಿಗೆ ತಿಳಿದಿರಬೇಕು. ಮತ್ತೊಂದು ಗಡಿಗೆ ಇಡಿಸಿ, ನನ್ನ ರಿವಾಲ್ವರನ್ನು ಈಸಿಕೊಂಡು, ಬೆನ್ನು ತಿರುಗಿಸಿ ನಿಂತು, ತಾವೇ ತೋಟಾ ತುಂಬಿಕೊಟ್ಟರು. ನಾನು ಹಾರಿಸಿದೆ, ಗುಂಡು ಗಡಿಗೆಯ ಕೆಳಗೆ ಮಣ್ಣಿಗೆ ಹೊಡೆಯಿತು. ಮತ್ತೆ ಒತ್ತಿದೆ. ಈ ಸಲ ಟಕ್ ಎಂದಿತು, ಅಷ್ಟೇ. ಹಾರಿಸಿ ಖಾಲಿಯಾದ ತೋಟಾವೊಂದನ್ನು ನನಗೆ ಗೊತ್ತಾಗದಂತೆ ನಡುವೆ ಸೇರಿಸಿದ್ದರು. ಗುಂಡೂ ಇಲ್ಲ, ಸದ್ದೂ ಇಲ್ಲ, ಆದರೂ ನನ್ನ ಕೈ ಧಡಕ್ಕನೆ ಕೆಳಕ್ಕೆ ಬಗ್ಗಿತ್ತು, ಕಣ್ಣು ಮುಚ್ಚಿಕೊಂಡಿತ್ತು.

"ನೋಡ್ದಾ? ಯಾರಿಗಪ್ಪಾ ನಮಸ್ಕಾರ ಹೊಡೆದೆ?" ಎಂದು ಕೇಳಿದರು. "ಸದ್ದಿಗೆ ಹೆದರಿ, ಅದು ಬರೋಕೆ ಮುಂಚೇನೇ ಬಗ್ತೀಯಾ. ಗುಂಡು ಮಣ್ಣಿಗೆ ಹೋಗ್ದೆ ಇನ್ನೆಲ್ಲಿಗೆ ಹೋಗ್ತದೆ? ನಾಚ್ಕೋಬೇಡ. ನಾನೂ ಬಗ್ಗಿದ್ದೋನೇ. ಬೀಜ ಇಡು, ಶುರು ಮಾಡು."

ಅವರು ತಮ್ಮ ವಿಷಯದಲ್ಲಿ ಜಂಬವಿಲ್ಲದೆ ಹೇಳಿದ ಮಾತು ನನಗೆ ನೆನಪಿರುವಂತೆ ಅದೊಂದೇ. ಅವತ್ತಿನಿಂದ ನಾನು ಬೀಜವನ್ನು ಬಿಡಲಿಲ್ಲ. ಮನೆಯಲ್ಲಿ ನನ್ನಾಕೆ ಹುಣಸೆಹಣ್ಣು ಬಿಡಿಸಲು ಕೂತರೆ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಅವಳ ಮೊರದ ಬೀಜ ನನ್ನ ನಳಿಗೆಯ ಮೇಲೆ. "ಪೊಲೀಸರು ಅಂತ ಕೊಟ್ರು, ಬೀಜ ಆಡ್ಸೋರು ಸಿಕ್ರು" ಎಂದು ಅವಳು ಗೊಣಗುತ್ತಿದ್ದಳು. ಆದರೆ ಬೀಜ ಬೀಳದೆ ನಿಂತಾಗ ಮೊದಲು ಕಂಡು ಖುಷಿಯಿಂದ ಕೂಗಿದವಳೂ ಅವಳೇ.

ಪರೀಕ್ಷೆ ಆಯುಧಪೂಜೆಯಾದ ಒಂದೆರಡು ದಿನಕ್ಕೇ ಬಂತು. ಪೂಜೆಗೆ ಜಮೇದಾರ್ರನ್ನು ಸ್ಟೇಷನ್ನಿಗೆ ಕರೆಸಿದ್ದೆ. ಪೇಟ, ಹಳೆಯ ಪದಕಗಳು, ಮೀಸೆ, ಎಲ್ಲ ಸಮೇತ ಗಾಡಿಯಲ್ಲಿ ಬಂದಿಳಿದರು. ನಮ್ಮ ದಫೇದಾರ ಮಹಾ ಭಕ್ತ. ಬಾಳೆಕಂದು ಕಟ್ಟಿ, ಬಂದೂಕು, ಲಾಠಿ, ಕೈಕೋಳ ಎಲ್ಲವನ್ನೂ ಜಮಖಾನೆಯ ಮೇಲೆ ಜೋಡಿಸಿ, ಗಂಧ, ಅರಿಸಿನ, ಕುಂಕುಮಗಳಲ್ಲಿ ಮುಳುಗಿಸಿಬಿಟ್ಟಿದ್ದ. ನನ್ನ ರಿವಾಲ್ವರಿಗೆ ಪರೀಕ್ಷೆ ಇದೆಯೆಂದು ವಿಶೇಷ ಸೇವೆ. ನಳಿಗೆಯ ಬಾಯಿಗೆ ಗಂಧ ಮೆತ್ತಿ, ಅದರಲ್ಲೊಂದು ಚೆಂಡುಹೂವನ್ನು ತೊಟ್ಟಿನ ಸಮೇತ ಸಿಕ್ಕಿಸಿದ್ದ. ಮಕ್ಕಿ ಎಲ್ಲಿದೆಯೆಂದೇ ತಿಳಿಯದಷ್ಟು ಅರಿಸಿನ ಮೆತ್ತಿಕೊಂಡು ಒಣಗಿತ್ತು. ನನಗೆ ಅದು ತಪ್ಪೆಂದು ಹೊಳೆಯಲೇ ಇಲ್ಲ; ಕೈಮುಗಿದು ನಿಂತಿದ್ದೆ.

ಜಮೇದಾರ್ರು ರಿವಾಲ್ವರನ್ನು ಎತ್ತಿ ಮುಖದ ಹತ್ತಿರ, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದರು. ಅವರ ಸಿಟ್ಟನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ, ಬರೀ ಬೈಗುಳವನ್ನು ಕೇಳಿದ್ದೆ.

"ಯಾವನಯ್ಯಾ ಇದನ್ನ ಮಾಡ್ದೋನು? ದೇವ್ರಿಗೆ ಮೂಗು ಬಾಯಿ ಕಟ್ಟಿ ಪೂಜೆ ಮಾಡ್ತಾರೇನಯ್ಯಾ? ಈ ಗಂಧ ಒಳಗೆ ಒಣಗಿ ಕೂತಿದ್ರೆ, ಇವನು ಹೊಡೆದಾಗ ನಳಿಗೆ ಸೀಳಿ ಇವನ ಕೈಯೇ ಹಾರೋಗಿರೋದು! ಹೆಂಡ್ತಿ ತಾಳಿಗೆ ಯಾರು ಜವಾಬು ಹೇಳೋರು, ನೀನಾ?"

ದಫೇದಾರ ಅವರ ಕಾಲಿಗೇ ಬಿದ್ದ. ಪೂಜೆ ನಿಂತಿತು. ಜಮೇದಾರ್ರು ನೆಲದ ಮೇಲೆ ಕೂತು, ಬಟ್ಟೆ ಚೂರು, ಕಡ್ಡಿ, ಎಣ್ಣೆ ತರಿಸಿಕೊಂಡು, ಆ ಕಬ್ಬಿಣವನ್ನು ಎಳೆಗೂಸನ್ನು ತೊಳೆಯುವ ಹಾಗೆ ಒಳಗೂ ಹೊರಗೂ ಸ್ವಚ್ಛ ಮಾಡಿದರು. ಆಮೇಲೆ ಉಂಗುರದ ಬೆರಳಿನಲ್ಲಿ ಕುಂಕುಮ ತೆಗೆದು ಮಕ್ಕಿಯ ಮೇಲೆ ಒಂದೇ ಒಂದು ಬೊಟ್ಟು ಇಟ್ಟರು.

"ದೇವ್ರು ಇರೋದು ಇಷ್ಟು ಜಾಗದಲ್ಲಿ. ಮಿಕ್ಕಿದ್ದೆಲ್ಲ ಬರೀ ಕಬ್ಬಿಣ. ಈ ಬೊಟ್ಟನ್ನ ನೋಡ್ತಾ ಇರು, ಬೇರೆ ಏನೂ ನೋಡ್ಬೇಡ. ಹ್ಞಾ, ಈಗ ಮಂಗಳಾರತಿ ಮಾಡ್ರಯ್ಯಾ."

ಬೆಂಗಳೂರಿನ ಮೈದಾನದಲ್ಲಿ ಪರೀಕ್ಷೆ ಮಾಡುವ ಸಾಹೇಬರು ನನ್ನ ರಿವಾಲ್ವರನ್ನು ತಿರುಗಿಸಿ ನೋಡಿ, ಕೆಂಪು ಬೊಟ್ಟಿನ ಮೇಲೆ ಹುಬ್ಬೇರಿಸಿದರು. ಆಯುಧಪೂಜೆ ಸರ್ ಎಂದೆ. ರಾಗಿಯ ಮಾತನ್ನು ಅವರಿನ್ನೂ ಮರೆತಿರಲಿಲ್ಲ. ಒಂದು ನಗು ನಕ್ಕು ವಾಪಸು ಕೊಟ್ಟರು. ಮೊದಲ ಗುಂಡು ಹಾರಿಸುವಾಗ ಕಣ್ಣು ತಾನಾಗಿಯೇ ಗುರಿಹಲಗೆಯ ಕಡೆ ಓಡಿತು. ಗುಂಡು ಹಲಗೆಯ ಅಂಚಿಗೆ ಬಡಿದು ಚಕ್ಕೆ ಹಾರಿತು. ಮುಗೀತು ನನ್ನ ಕಥೆ ಎಂದುಕೊಂಡೆ. ಆಗ ಬೀಜ ಬಿದ್ದ ಸದ್ದಿಗೆ ಜಗಲಿಯಿಂದ ಬರುತ್ತಿದ್ದ ಆ ಒಂದು ಮಾತು ಕಿವಿಯಲ್ಲಿ ಕೇಳಿಸಿತು: "ಮತ್ತೆ." ಕೈ ಇಳಿಸಿದೆ. ಮಗುವಿನ ಕೈ ಹಿಡಿದಂತೆ ಹಿಡಿ ಸರಿಮಾಡಿಕೊಂಡೆ, ಅರ್ಧ ಉಸಿರು ಬಿಟ್ಟೆ, ಕುಂಕುಮದ ಬೊಟ್ಟನ್ನೇ ನೋಡಿದೆ. ಅದು ಎಷ್ಟು ಸ್ಪಷ್ಟವಾಯಿತೆಂದರೆ ಅದರ ಅಂಚಿನ ಪುಡಿಯೂ ಕಂಡಿತು. ಆಚೆ ಹಲಗೆ ಕರಗಿ ಮಸುಕಾಗಿ ಹೋಯಿತು. ಎಮ್ಮೆ ಒದೆಯದ ಹಾಗೆ ಒತ್ತುತ್ತಾ ಹೋದೆ. ಗುಂಡು ಯಾವಾಗ ಹಾರಿತೋ ದೇವರಾಣೆ ನನಗೆ ತಿಳಿಯಲಿಲ್ಲ. ಉಳಿದ ಗುಂಡುಗಳೆಲ್ಲ ಹಲಗೆಯ ನಡುವೆ ಅಂಗೈಯಗಲದ ಜಾಗದಲ್ಲಿ ಸೇರಿದ್ದವು. ಸಾಹೇಬರು ಹತ್ತಿರ ಹೋಗಿ ನೋಡಿ ಬಂದು, ಕೈ ಕುಲುಕಿದರು.

ಮಾರನೆಯ ಬೆಳಿಗ್ಗೆಯೇ ಖಾಕಿಯಲ್ಲೇ, ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ ಕಟ್ಟಿಕೊಂಡು ತೂಬಗೆರೆಗೆ ಸೈಕಲ್ ಹೊಡೆದೆ. ಜಮೇದಾರ್ರು ಜಗಲಿಯಲ್ಲಿ ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು. ಅಂಗಳದ ಬಾಯಲ್ಲಿ ನಿಂತು ಕಾಲು ಅಪ್ಪಳಿಸಿ ಸೆಲ್ಯೂಟ್ ಹೊಡೆದೆ. ಎಷ್ಟು ಸಂತೋಷದಿಂದ ಹೊಡೆದೆನೋ ನನಗೇ ಗೊತ್ತು.

ಅವರು ಮೀಸೆ ತಿರುವುತ್ತಾ, "ಯಾರಪ್ಪಾ ಅದು? ಸೀಮೆಎಣ್ಣೆಯೋನಾ?" ಎಂದರು.

ತಮಾಷೆ ಎಂದುಕೊಂಡೆ. ನಗಲಿಲ್ಲ ಅವರು. "ಸೀಮೆಎಣ್ಣೆ ಬಂದದೆ ಕಣೇ, ಡಬ್ಬ ತಗೊಂಡ್ ಬಾ" ಎಂದು ಒಳಗೂ ಕೂಗಿದರು. ನಾನು ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ, ಜಗಲಿಯ ಕೆಳಗೆ ನಿಂತ ಮೇಲೆಯೇ ಅವರ ಮುಖ ಬದಲಾದದ್ದು.

"ಓಹೋ, ನೀನಾ! ಬಿಸಿಲು ಕಣ್ಣಿಗೆ ಹೊಡೀತಿತ್ತು."

ಬಿಸಿಲು ಅವರ ಬೆನ್ನ ಹಿಂದೆ, ಮನೆಯ ಆಚೆಗಿತ್ತು. ಡಬ್ಬ ಹಿಡಿದು ಹೊರಗೆ ಬಂದ ಅಮ್ಮನವರು ನನ್ನನ್ನೂ ಅವರನ್ನೂ ನೋಡಿ, ಡಬ್ಬವನ್ನು ಕೆಳಗಿಟ್ಟರು.

"ಇನ್ನೆಷ್ಟು ದಿನ ಮುಚ್ಚಿಡ್ತೀರಾ? ಕಣ್ಣಿಗೆ ಪೊರೆ ಬಂದು ಎರಡು ವರ್ಷ ಆಯ್ತು ಕಣಪ್ಪಾ. ಕೈಯಳತೆಯಾಚೆ ಇವ್ರಿಗೆ ಒಂದೂ ಸರಿಯಾಗಿ ಕಾಣಲ್ಲ. ಆಸ್ಪತ್ರೆಗೆ ಬನ್ನಿ ಅಂದ್ರೆ, ಜಮೇದಾರ್ರಿಗೆ ಕಣ್ಣು ಹೋಯ್ತು ಅಂತ ಊರು ನಗ್ತದೆ ಅಂತಾರೆ."

ನಾನು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಡಕ್ಕಾ ಬಲಕ್ಕಾ, ಎಷ್ಟೆತ್ತರ, ಪಕ್ಕದಲ್ಲೇನಿದೆ ಎಂದು ನನ್ನ ಬಾಯಿಂದ ಹೇಳಿಸುತ್ತಿದ್ದದ್ದು, ಸುಣ್ಣ ಬಳಿದ ಗಡಿಗೆ, ಮಕ್ಕಿಯ ಮೇಲಿನ ಸುಣ್ಣದ ಬೊಟ್ಟು, ಮೂಗಿಗೆ ತಾಗಿಸಿ ನೋಡಿದ ರಿವಾಲ್ವರು, ಎಲ್ಲವೂ ಒಂದರ ಹಿಂದೆ ಒಂದು ಬಂದು ನಿಂತವು.

"ಗಡಿಗೆ ಕಾಣ್ತಾನೇ ಇರ್ಲಿಲ್ವಾ ಜಮೇದಾರ್ರೇ?"

"ಬೆಳ್ಳಗೆ ಏನೋ ಇದೆ ಅಂತ ಕಾಣ್ತಿತ್ತು. ನಿಂಗೆ ಹೇಳ್ಲಿಲ್ವಾ, ಅಷ್ಟು ಸಾಕು ಅಂತ?" ಎಂದರು. ದನಿಯಲ್ಲಿ ಒಂದಿಷ್ಟೂ ದುಃಖವಿರಲಿಲ್ಲ. "ಅದಿರ್ಲಿ, ನಿನ್ನೆ ನಿಂಗೆ ಗುರಿ ಹೆಂಗೆ ಕಾಣ್ತು? ಅದು ಹೇಳು ಮೊದ್ಲು."

"ಮಸುಕಾಗಿ ಕಾಣ್ತು."

"ಹಂಗಾದ್ರೆ ಪಾಸಾಗಿದ್ದೀಯಾ" ಎಂದು ತೊಡೆ ತಟ್ಟಿಕೊಂಡು ನಕ್ಕರು. ನಾನಿನ್ನೂ ಫಲಿತಾಂಶ ಹೇಳಿರಲಿಲ್ಲ. ಅವರ ಕಾಲು ಹಿಡಿದುಕೊಂಡೆ, ಅಳು ತಡೆಯಲಾಗಲಿಲ್ಲ. ಅವರು ನನ್ನ ತಲೆಯನ್ನು ತಡವಿ, ಎಬ್ಬಿಸಿ, ಮುಖ ಕಾಣುವಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ನಾನಿರೋವರ್ಗೂ ಇದನ್ನ ಯಾರಿಗೂ ಹೇಳ್ಬೇಡ. ಸತ್ಮೇಲೆ ಊರೂರಲ್ಲಿ ಸಾರು. ಜಂಬ ಕೊಚ್ಕೊಳೋಕೆ ನಾನಿರಲ್ಲ ಆಗ. ನನ್ ಪರವಾಗಿ ನೀನು ಕೊಚ್ಕೋಬೇಕು, ತಿಳೀತಾ?"

ತಿಳೀತು ಜಮೇದಾರ್ರೇ. ಕೊಚ್ಚಿಕೊಳ್ಳುತ್ತಿದ್ದೇನೆ, ಕೇಳಿ ಎಲ್ಲರೂ: ನಮ್ಮ ಜಮೇದಾರ್ರಿಗೆ ಗಡಿಗೆ ಕಾಣುತ್ತಿರಲಿಲ್ಲ. ನಾನು ನೋಡಿದಂತೆ ಒಂದು ಸಲವೂ ಅವರು ಗುರಿ ತಪ್ಪಲಿಲ್ಲ.